ಹೀತ್ ಬಯಲಿನಲ್ಲಿ ಮೋಟಾರು ವಾಹನರಹಿತ ಬೈಸಿಕಲ್ ಪ್ರವಾಸ: ನೆದರ್‌ಲೆಂಡ್ಸ್‌ನ ದೆ ಹೋಗೆ ವೇಲುವೆ ರಾಷ್ಟ್ರೀಯ ಉದ್ಯಾನ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಯೂರೋಪಿನ ದೇಶಗಳಿಗೆ ಪ್ರವಾಸ ಕೈಗೊಳ್ಳುವ ನಾಗರಿಕರ ಪೈಕಿ, ನಗರಗಳಲ್ಲದೆ ನಿಸರ್ಗಧಾಮಗಳನ್ನೂ ಸಂದರ್ಶಿಸಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ನೆದರ್‌ಲೆಂಡ್ಸ್ ದೇಶದ ಗೆಲ್ಡರ್‌ಲಂಡ್ ಪ್ರಾಂತ್ಯದಲ್ಲಿರುವ ದೆ ಹೋಗೆ ವೇಲುವೆ ರಾಷ್ಟ್ರೀಯ ಉದ್ಯಾನವು ಹೀತ್ ಬಯಲು, ಮರಳು ದಿಬ್ಬ ಮತ್ತು ಅರಣ್ಯಗಳನ್ನು ಒಳಗೊಂಡಿದ್ದು, ಅದರೊಳಗೆ ಮೋಟಾರು ವಾಹನಗಳ ಸಂಚಾರವಿಲ್ಲದ ಪ್ರತ್ಯೇಕ ಬೈಸಿಕಲ್ ಪಥಗಳ ಜಾಲವಿದೆ. ಬೈಸಿಕಲ್ ಹೊಂದಿಲ್ಲದ ಸಂದರ್ಶಕರಿಗೆ ಉದ್ಯಾನದ ವತಿಯಿಂದಲೇ ಉಚಿತವಾಗಿ ಬೈಸಿಕಲ್ ಒದಗಿಸಲಾಗುತ್ತದೆ.

ಉದ್ಯಾನದ ಹಿನ್ನೆಲೆ, ಪಥಗಳ ಸ್ವರೂಪ, ತಲುಪುವ ಬಗೆ, ಪಾಲಿಸಬೇಕಾದ ನಿಯಮಗಳು, ಸುರಕ್ಷತಾ ಕ್ರಮಗಳು ಹಾಗೂ ಭಾರತೀಯ ಪೌರರು ಹೊಂದಿರಬೇಕಾದ ದಾಖಲೆಗಳ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಸಂಕ್ಷಿಪ್ತ ವಿವರ

ಸ್ಥಳ: ಆರ್ನೆಮ್, ಏಡೆ ಮತ್ತು ಆಪೆಲ್‌ಡೋರ್ನ್ ಪಟ್ಟಣಗಳ ನಡುವೆ
ವಿಸ್ತೀರ್ಣ: ಸುಮಾರು 5,400 ಹೆಕ್ಟೇರ್
ಪ್ರವೇಶ ದ್ವಾರಗಳು: ಒಟ್ಟರ್ಲೋ, ಹೂಂಡರ್ಲೋ ಮತ್ತು ಸ್ಕಾರ್ಸ್‌ಬರ್ಗೆನ್
ಬೈಸಿಕಲ್ ಪಥಗಳು: 40 ಕಿಲೋಮೀಟರಿಗೂ ಹೆಚ್ಚು
ಉಚಿತ ಬಿಳಿ ಬೈಸಿಕಲ್‌ಗಳು: ಸುಮಾರು 1,800
ಪ್ರವೇಶ: ಶುಲ್ಕ ಪಾವತಿಸಿ
ಹೀತ್ ಹೂ ಬಿಡುವ ಕಾಲ: ಆಗಸ್ಟ್ ಮಧ್ಯಭಾಗದಿಂದ ಸೆಪ್ಟೆಂಬರ್ ಆರಂಭದವರೆಗೆ
ತುರ್ತು ದೂರವಾಣಿ ಸಂಖ್ಯೆ: 112

3. ಹೀತ್ ಬಯಲು ಎಂದರೇನು?

ಪೋಷಕಾಂಶಗಳಿಲ್ಲದ, ಆಮ್ಲೀಯ ಮರಳುನೆಲದಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುವ ಕುರುಚಲು ಗಿಡಗಳಿಂದ ಕೂಡಿದ, ಮರಗಳು ವಿರಳವಾಗಿರುವ ಬಯಲನ್ನು ಹೀತ್ ಎನ್ನಲಾಗುತ್ತದೆ. ಇಲ್ಲಿ ಪ್ರಧಾನವಾಗಿ ಬೆಳೆಯುವುದು ಹೆದರ್ ಎಂಬ ಸಸ್ಯ. ಒಣ ನೆಲದಲ್ಲಿ ಸಾಮಾನ್ಯ ಹೆದರ್ ಹಾಗೂ ತೇವವಿರುವ ನೆಲದಲ್ಲಿ ಗಂಟೆಯಾಕಾರದ ಹೂಗಳುಳ್ಳ ಮತ್ತೊಂದು ಜಾತಿಯ ಹೆದರ್ ಬೆಳೆಯುತ್ತದೆ. ನೋಟಕ್ಕೆ ಇದು ಮನುಷ್ಯನ ಕೈ ತಾಗದ ಕಾಡುಭೂಮಿಯಂತೆ ತೋರುವುದಾದರೂ, ವಾಸ್ತವದಲ್ಲಿ ಇದು ಶತಮಾನಗಳ ಕೃಷಿ ಪದ್ಧತಿಯಿಂದ ಉಂಟಾದ ಭೂದೃಶ್ಯವಾಗಿರುತ್ತದೆ.

ವೇಲುವೆ ಪ್ರದೇಶದ ದಿಬ್ಬಗಳು ಸುಮಾರು 1,50,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಹಿಮರಾಶಿಯು ಮರಳು ಮತ್ತು ಜಲ್ಲಿಯನ್ನು ಒತ್ತಿ ತಳ್ಳಿದ್ದರಿಂದ ರೂಪುಗೊಂಡವು. ಕಾಲಾನಂತರ ಇಲ್ಲಿ ಬೆಳೆದಿದ್ದ ಅರಣ್ಯವನ್ನು ರೈತರು ಕಡಿದು, ಬಯಲಿನಲ್ಲಿ ಕುರಿಗಳನ್ನು ಮೇಯಿಸುತ್ತಿದ್ದರು. ಹೆದರ್ ಗಿಡಗಳನ್ನು ಮೇಲ್ಮಣ್ಣು ಸಹಿತ ಹೆಂಟೆಗಳಾಗಿ ಕೆತ್ತಿ ಕುರಿದೊಡ್ಡಿಯಲ್ಲಿ ಹಾಸಿ, ಕುರಿಗೊಬ್ಬರದೊಂದಿಗೆ ಬೆರೆತ ಆ ಹಾಸನ್ನು ಹೊಲಗಳಿಗೆ ಹಾಕುತ್ತಿದ್ದರು. ಬಯಲಿನ ಸಾರವು ಹೀಗೆ ವರ್ಷಂಪ್ರತಿ ಹೊಲಕ್ಕೆ ಸಂದಾಯವಾಗುತ್ತಿದ್ದುದರಿಂದ ಬಯಲು ಬಡವಾಗಿಯೇ ಉಳಿಯಿತು. ಬಡ ನೆಲದಲ್ಲಿ ಮಾತ್ರ ಬಾಳಬಲ್ಲ ಹೆದರ್ ಸಹ ಉಳಿಯಿತು. ಮಿತಿಮೀರಿ ಕೆತ್ತಿದ ಕಡೆಗಳಲ್ಲಿ ಮರಳು ತೆರೆದುಕೊಂಡು ಗಾಳಿಗೆ ಹಾರತೊಡಗಿ, ಇಂದು ಕಾಣುವ ಮರಳು ಬಯಲುಗಳು ಉಂಟಾದವು. ಒಟ್ಟರ್ಲೋ ಗ್ರಾಮದ ಬಳಿಯ ಮರಳು ಬಯಲು ಇದಕ್ಕೆ ಉತ್ತಮ ಉದಾಹರಣೆ.

ರಾಸಾಯನಿಕ ಗೊಬ್ಬರ ಬಂದ ನಂತರ ಮತ್ತು ಉಣ್ಣೆಯ ಬೆಲೆ ಕುಸಿದ ನಂತರ ಈ ಪದ್ಧತಿಯು ನಿಂತುಹೋಯಿತು. ಬಹುಪಾಲು ಹೀತ್ ಬಯಲುಗಳನ್ನು ಹೊಲಗಳನ್ನಾಗಿ ಅಥವಾ ಪೈನ್ ನೆಡುತೋಪುಗಳನ್ನಾಗಿ ಪರಿವರ್ತಿಸಲಾಯಿತು. ಉಳಿದಿರುವುದು ಹಿಂದಿದ್ದುದರ ಒಂದು ಸಣ್ಣ ಭಾಗ ಮಾತ್ರ. ಈ ಕಾರಣದಿಂದಲೇ ಪಥ ಬಿಟ್ಟು ಬಯಲಿಗೆ ಬೈಸಿಕಲ್ ಇಳಿಸದಿರುವ ನಿಯಮಕ್ಕೆ ಇಲ್ಲಿ ಹೆಚ್ಚಿನ ಮಹತ್ವವಿದೆ.

4. ಉದ್ಯಾನದ ಹಿನ್ನೆಲೆ

ಹಡಗು ಸಾರಿಗೆ ಮತ್ತು ಅದಿರು ವ್ಯಾಪಾರದಲ್ಲಿ ತೊಡಗಿದ್ದ ಉದ್ಯಮಿ ಆಂಟನ್ ಕ್ರೋಲರ್ ಹಾಗೂ ಕಲಾಸಂಗ್ರಾಹಕಿಯಾಗಿದ್ದ ಅವರ ಪತ್ನಿ ಹೆಲೆನ್ ಕ್ರೋಲರ್-ಮ್ಯುಲರ್ ಅವರು 1909ರಿಂದ ಇಲ್ಲಿ ಭೂಮಿಯನ್ನು ಖರೀದಿಸಲಾರಂಭಿಸಿದರು. ಪತಿಯ ಆಸಕ್ತಿ ಬೇಟೆಯಲ್ಲಿದ್ದರೆ ಪತ್ನಿಯ ಆಸಕ್ತಿ ಚಿತ್ರಕಲೆಯಲ್ಲಿತ್ತು. ಬೇಟೆಗಾಗಿ ಜಮೀನಿಗೆ ಬೇಲಿ ಹಾಕಲಾಯಿತು. ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ಮೂಲದ ಮೂಫ್ಲನ್ ಎಂಬ ಕಾಡುಕುರಿಗಳನ್ನು ತಂದು ಬಿಡಲಾಯಿತು.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ದಂಪತಿಗಳ ವ್ಯವಹಾರವು ಸಂಕಷ್ಟಕ್ಕೆ ಸಿಲುಕಿತು. ಜಮೀನು ಹಂಚಿಹೋಗುವುದನ್ನು ಮತ್ತು ಕಲಾಸಂಗ್ರಹವು ಬಿಡಿಬಿಡಿಯಾಗಿ ಮಾರಾಟವಾಗುವುದನ್ನು ತಪ್ಪಿಸುವ ಸಲುವಾಗಿ 1935ರಲ್ಲಿ ಎರಡು ವ್ಯವಸ್ಥೆಗಳನ್ನು ಮಾಡಲಾಯಿತು. ಮೊದಲನೆಯದಾಗಿ, ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಸರ್ಕಾರದ ಸಾಲದ ನೆರವಿನಿಂದ ಜಮೀನನ್ನು ಅದರ ಸ್ವಾಧೀನಕ್ಕೆ ತರಲಾಯಿತು. ಎರಡನೆಯದಾಗಿ, ವಸ್ತುಸಂಗ್ರಹಾಲಯವನ್ನು ನಿರ್ಮಿಸಬೇಕೆಂಬ ಷರತ್ತಿನೊಂದಿಗೆ ಕಲಾಸಂಗ್ರಹವನ್ನು ಸರ್ಕಾರಕ್ಕೆ ದಾನವಾಗಿ ನೀಡಲಾಯಿತು. ವಾಸ್ತುಶಿಲ್ಪಿ ಹೆನ್ರಿ ವ್ಯಾನ್ ಡಿ ವೆಲ್ಡೆ ಅವರು ವಿನ್ಯಾಸಗೊಳಿಸಿದ ವಸ್ತುಸಂಗ್ರಹಾಲಯವು 1938ರಲ್ಲಿ ಉದ್ಯಾನದೊಳಗೆ ಪ್ರಾರಂಭವಾಯಿತು. ಹೆಲೆನ್ ಅವರು 1939ರಲ್ಲಿ ಮತ್ತು ಆಂಟನ್ ಅವರು 1941ರಲ್ಲಿ ನಿಧನರಾದರು.

ಉದ್ಯಾನವು ಇಂದಿಗೂ ಸದರಿ ಪ್ರತಿಷ್ಠಾನದ ಆಡಳಿತದಲ್ಲಿದ್ದು, ಅದರ ನಿರ್ವಹಣೆಯು ಮುಖ್ಯವಾಗಿ ಸಂದರ್ಶಕರ ಪ್ರವೇಶ ಶುಲ್ಕವನ್ನು ಅವಲಂಬಿಸಿದೆ. ಸಂದರ್ಶಕರು ತೆರುವ ಶುಲ್ಕವು ನೇರವಾಗಿ ಹೀತ್ ಬಯಲಿನ ಪಾಲನೆಗೆ, ಪಥಗಳ ದುರಸ್ತಿಗೆ ಮತ್ತು ಬೈಸಿಕಲ್‌ಗಳ ನಿರ್ವಹಣೆಗೆ ಸಲ್ಲುತ್ತದೆ ಎಂಬುದನ್ನು ಗಮನಿಸತಕ್ಕದ್ದು.

5. ಬೈಸಿಕಲ್ ಪಥಗಳು

ಉದ್ಯಾನದೊಳಗೆ ಕಾರುಗಳಿಗಾಗಿ ಸೀಮಿತ ರಸ್ತೆಗಳಿವೆ. ಬೈಸಿಕಲ್ ಪಥಗಳು ಇವುಗಳಿಂದ ಪ್ರತ್ಯೇಕವಾಗಿದ್ದು, ಹೀತ್ ಬಯಲು, ಮರಳು ದಿಬ್ಬ ಹಾಗೂ ಪೈನ್ ಕಾಡುಗಳ ನಡುವೆ ಹಾದುಹೋಗುತ್ತವೆ. ಪಥವು ಕಾರು ರಸ್ತೆಯನ್ನು ದಾಟುವ ಸ್ಥಳಗಳಲ್ಲಿ ಮಾತ್ರ ಸವಾರರು ಎಚ್ಚರ ವಹಿಸಬೇಕಾಗುತ್ತದೆ. ಪಥಗಳು ಗಟ್ಟಿಯಾದ ಮೇಲ್ಮೈ ಹೊಂದಿದ್ದು ಕಿರಿದಾಗಿರುತ್ತವೆ. ಎದುರಿನಿಂದಲೂ ಸವಾರರು ಬರುತ್ತಿರುತ್ತಾರೆ. ನೆಲವು ಬಹುಮಟ್ಟಿಗೆ ಸಮತಟ್ಟಾಗಿದ್ದು, ಅಲ್ಲಲ್ಲಿ ಸಣ್ಣ ಏರಿಳಿತಗಳಿವೆ. ಬಯಲಿನಲ್ಲಿ ಮರಗಳ ಮರೆ ಇಲ್ಲದ ಕಾರಣ ಎದುರುಗಾಳಿಯು ಏರುದಾರಿಗಿಂತಲೂ ಹೆಚ್ಚಿನ ಶ್ರಮ ಕೊಡಬಹುದು. ಹೋಗುವಾಗ ಬೆನ್ನುಗಾಳಿ ಇದ್ದಲ್ಲಿ ಹಿಂದಿರುಗುವ ಸಮಯವನ್ನು ಹೆಚ್ಚಾಗಿ ಲೆಕ್ಕ ಹಾಕಿಕೊಳ್ಳುವುದು ಸೂಕ್ತ.

ವಸ್ತುಸಂಗ್ರಹಾಲಯಕ್ಕೆ ದ್ವಾರಗಳಿಂದ ಇರುವ ಅಂದಾಜು ದೂರ ಈ ಕೆಳಕಂಡಂತಿದೆ:

(ಅ) ಒಟ್ಟರ್ಲೋ ದ್ವಾರದಿಂದ: ಸುಮಾರು 2.5 ಕಿ.ಮೀ.
(ಆ) ಹೂಂಡರ್ಲೋ ದ್ವಾರದಿಂದ: ಸುಮಾರು 4 ಕಿ.ಮೀ.
(ಇ) ಸ್ಕಾರ್ಸ್‌ಬರ್ಗೆನ್ ದ್ವಾರದಿಂದ: ಸುಮಾರು 10 ಕಿ.ಮೀ.

ಚಿಕ್ಕ ಮಕ್ಕಳು ಮತ್ತು ಹಿರಿಯ ನಾಗರಿಕರೊಂದಿಗೆ ತೆರಳುವವರಿಗೆ ಒಟ್ಟರ್ಲೋ ಅಥವಾ ಹೂಂಡರ್ಲೋ ದ್ವಾರವು ಅನುಕೂಲಕರ. ವಿಶಾಲವಾದ ಹೀತ್ ಬಯಲನ್ನು ಉದ್ದಕ್ಕೂ ದಾಟಬಯಸುವವರು ಸ್ಕಾರ್ಸ್‌ಬರ್ಗೆನ್ ದ್ವಾರದಿಂದ ಪ್ರವೇಶಿಸಬಹುದು.

ಉದ್ಯಾನದ ಹೊರಗೂ ದೇಶದಾದ್ಯಂತ ಸಂಖ್ಯಾ ಸೂಚಕ ಪದ್ಧತಿಯ ಬೈಸಿಕಲ್ ಮಾರ್ಗಗಳಿವೆ. ಎರಡು ಮಾರ್ಗಗಳು ಕೂಡುವ ಪ್ರತಿ ಸ್ಥಳಕ್ಕೂ ಒಂದು ಸಂಖ್ಯೆ ಇರುತ್ತದೆ. ಸವಾರರು ತಾವು ಹಾದುಹೋಗಬೇಕಾದ ಸಂಖ್ಯೆಗಳನ್ನು ಅನುಕ್ರಮವಾಗಿ ಬರೆದುಕೊಂಡು ಫಲಕಗಳನ್ನು ಅನುಸರಿಸಿದರೆ ಸಾಕು, ಸ್ಥಳೀಯ ಭಾಷೆ ತಿಳಿದಿರಬೇಕೆಂದಿಲ್ಲ. ಈ ಪದ್ಧತಿಯು 1995ರಲ್ಲಿ ನೆರೆಯ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಪ್ರಾರಂಭವಾಯಿತು. ಗಣಿ ಎಂಜಿನಿಯರ್ ಹ್ಯೂಗೊ ಬೊಲ್ಲೆನ್ ಇದರ ರೂವಾರಿ. ಇದಲ್ಲದೆ ಕಾಡು ಮತ್ತು ಬಯಲುಗಳ ಕವಲುದಾರಿಗಳಲ್ಲಿ ಅಣಬೆಯಾಕಾರದ ಗಿಡ್ಡ ದಾರಿಸೂಚಿಗಳಿದ್ದು, ಅವುಗಳ ಮೇಲೆ ಊರುಗಳ ಹೆಸರು ಮತ್ತು ದೂರವನ್ನು ನಮೂದಿಸಲಾಗಿರುತ್ತದೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುವುದರಿಂದ ದಾರಿ ತಪ್ಪಿದವರು ತಾವಿರುವ ಸ್ಥಳವನ್ನು ತಿಳಿಸಲು ಅದು ನೆರವಾಗುತ್ತದೆ.

6. ಉಚಿತ ಬಿಳಿ ಬೈಸಿಕಲ್ ಸೌಲಭ್ಯ

ಸಾರ್ವಜನಿಕರು ಹಂಚಿಕೊಂಡು ಬಳಸುವ ಬಿಳಿ ಬೈಸಿಕಲ್‌ನ ಕಲ್ಪನೆ ಮೊದಲು ಮೂಡಿದ್ದು 1965ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ಪ್ರೊವೊ ಎಂಬ ಯುವ ಚಳವಳಿಯ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್ ಅವರು ಈ ಯೋಜನೆಯನ್ನು ಮುಂದಿಟ್ಟರು. ನಗರದಲ್ಲಿ ಅದು ನೆಲೆಗೊಳ್ಳಲಿಲ್ಲ. ಆದರೆ 1970ರ ದಶಕದಲ್ಲಿ ಅದೇ ಕಲ್ಪನೆಯನ್ನು ಅಳವಡಿಸಿಕೊಂಡ ಈ ಉದ್ಯಾನದಲ್ಲಿ ಯಶಸ್ವಿಯಾಯಿತು. ಸುತ್ತಲೂ ಬೇಲಿ ಮತ್ತು ಕೇವಲ ಮೂರು ದ್ವಾರಗಳಿರುವ ಕಾರಣ ಬೈಸಿಕಲ್ ಹೊರಹೋಗುವ ಸಂಭವ ಕಡಿಮೆ ಎಂಬುದು ಇದಕ್ಕೆ ಸಹಾಯಕವಾಯಿತು. ಮುಂದೆ ಅನೇಕ ದೇಶಗಳ ನಗರಗಳಲ್ಲಿ ಬೈಸಿಕಲ್ ಹಂಚಿಕೆ ಯೋಜನೆಗಳು ಬಂದವು. 2017ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಟ್ರಿಣ್ ಟ್ರಿಣ್ ಯೋಜನೆಯೂ ಇದೇ ಸಾಲಿಗೆ ಸೇರಿದ್ದಾಗಿದೆ.

ಬಿಳಿ ಬೈಸಿಕಲ್ ಬಳಸುವವರು ಈ ಕೆಳಕಂಡ ಅಂಶಗಳನ್ನು ತಿಳಿದಿರಬೇಕು:

(1) ಪ್ರವೇಶ ಶುಲ್ಕ ಪಾವತಿಸಿದ ಸಂದರ್ಶಕರು ದ್ವಾರಗಳ ಬಳಿ ಮತ್ತು ಉದ್ಯಾನದ ಕೇಂದ್ರಭಾಗದಲ್ಲಿರುವ ನಿಲುಗಡೆಗಳಿಂದ ಬೈಸಿಕಲ್ ಪಡೆಯಬಹುದು. ಪ್ರತ್ಯೇಕ ಅರ್ಜಿ, ಠೇವಣಿ ಅಥವಾ ಬಾಡಿಗೆ ಇರುವುದಿಲ್ಲ.

(2) ಈ ಬೈಸಿಕಲ್‌ಗಳಿಗೆ ಕೈ ಬ್ರೇಕ್ ಇರುವುದಿಲ್ಲ. ಪೆಡಲನ್ನು ಹಿಮ್ಮುಖವಾಗಿ ತುಳಿದಾಗ ಬ್ರೇಕ್ ಹಿಡಿಯುತ್ತದೆ. ನಮ್ಮಲ್ಲಿಯ ಬೈಸಿಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ಖಾಲಿ ತಿರುಗಿಸುವ ಅಭ್ಯಾಸವಿರುವವರು ಇದರಲ್ಲಿ ಹಾಗೆ ಮಾಡಿದರೆ ಬೈಸಿಕಲ್ ತಟ್ಟನೆ ನಿಲ್ಲುತ್ತದೆ. ಆದುದರಿಂದ ನಿಲುಗಡೆಯ ಬಳಿಯ ಖಾಲಿ ಜಾಗದಲ್ಲಿ ನಾಲ್ಕಾರು ಬಾರಿ ಅಭ್ಯಾಸ ಮಾಡಿಕೊಂಡು ನಂತರವೇ ಹೊರಡುವುದು ಕ್ಷೇಮ.

(3) ಗೇರ್ ಮತ್ತು ಬೀಗ ಇರುವುದಿಲ್ಲ. ವಸ್ತುಸಂಗ್ರಹಾಲಯದ ಎದುರು ನಿಲ್ಲಿಸಿದ ಬೈಸಿಕಲನ್ನು ಬೇರೊಬ್ಬರು ತೆಗೆದುಕೊಂಡು ಹೋಗಬಹುದು, ಅದು ಆಕ್ಷೇಪಾರ್ಹವಲ್ಲ. ಹಿಂದಿರುಗುವಾಗ ನಿಲುಗಡೆಯಲ್ಲಿರುವ ಯಾವುದಾದರೊಂದನ್ನು ಪಡೆಯಬೇಕು. ಈ ಕಾರಣಕ್ಕಾಗಿ ಕೈಚೀಲ, ಪಾಸ್‌ಪೋರ್ಟ್, ಮಳೆಯಂಗಿ ಇತ್ಯಾದಿಗಳನ್ನು ಬೈಸಿಕಲ್ ಮೇಲೆ ಬಿಟ್ಟುಹೋಗಬಾರದು.

(4) ಮಕ್ಕಳ ಬೈಸಿಕಲ್‌ಗಳು ಹಾಗೂ ಮಕ್ಕಳ ಆಸನವುಳ್ಳ ಬೈಸಿಕಲ್‌ಗಳು ಲಭ್ಯವಿರುತ್ತವೆ. ರಜಾದಿನಗಳಲ್ಲಿ ಇವು ಬೇಗನೆ ಮುಗಿಯುವುದರಿಂದ ಬೆಳಗಿನ ಅವಧಿಯಲ್ಲೇ ತಲುಪುವುದು ಒಳಿತು.

(5) ಬಿಳಿ ಬೈಸಿಕಲ್‌ಗಳನ್ನು ಉದ್ಯಾನದ ಹೊರಗೆ ಕೊಂಡೊಯ್ಯುವಂತಿಲ್ಲ. ಹಲವು ದಿನಗಳ ಪ್ರವಾಸ ಕೈಗೊಳ್ಳುವವರು ಸ್ವಂತ ಅಥವಾ ಬಾಡಿಗೆ ಬೈಸಿಕಲ್ ತರಬಹುದಾಗಿದ್ದು, ಅಂತಹವರೂ ಪ್ರವೇಶ ಶುಲ್ಕ ಪಾವತಿಸತಕ್ಕದ್ದು.

7. ತಲುಪುವ ಬಗೆ

ರೈಲಿನ ಮೂಲಕ ಏಡೆ-ವಾಗೆನಿಂಗೆನ್, ಆಪೆಲ್‌ಡೋರ್ನ್ ಅಥವಾ ಆರ್ನೆಮ್ ನಿಲ್ದಾಣ ತಲುಪಿ, ಅಲ್ಲಿಂದ ಬಸ್ ಅಥವಾ ಬೈಸಿಕಲ್ ಮೂಲಕ ಉದ್ಯಾನಕ್ಕೆ ತೆರಳಬಹುದು. ಬಸ್ ಮಾರ್ಗಸಂಖ್ಯೆ ಮತ್ತು ವೇಳಾಪಟ್ಟಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಪ್ರಯಾಣದ ದಿನ ಪರಿಶೀಲಿಸಬೇಕು. 2023ರಿಂದ ನೆದರ್‌ಲೆಂಡ್ಸ್‌ನಾದ್ಯಂತ ರೈಲು ಮತ್ತು ಬಸ್ಸುಗಳಲ್ಲಿ ಸ್ಪರ್ಶರಹಿತ ಪಾವತಿ ಸೌಲಭ್ಯವಿರುವ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿ ಪ್ರಯಾಣಿಸಬಹುದಾಗಿದೆ. ಹತ್ತುವಾಗ ತೋರಿಸಿದ ಕಾರ್ಡನ್ನೇ ಇಳಿಯುವಾಗಲೂ ತಪ್ಪದೆ ತೋರಿಸಬೇಕು. ತಪ್ಪಿದಲ್ಲಿ ಹೆಚ್ಚಿನ ಮೊತ್ತ ಕಡಿತವಾಗುತ್ತದೆ.

ಬೈಸಿಕಲನ್ನು ರೈಲಿನಲ್ಲಿ ಕೊಂಡೊಯ್ಯಲು ಪ್ರತ್ಯೇಕ ಟಿಕೆಟ್ ಅವಶ್ಯಕ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ಅವಧಿಯಲ್ಲಿ ಬೈಸಿಕಲ್‌ಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಮಡಿಚಬಹುದಾದ ಬೈಸಿಕಲನ್ನು ಮಡಿಚಿ ಸಾಮಾನಿನಂತೆ ಒಯ್ಯಬಹುದು.

8. ನೋಡತಕ್ಕ ಸ್ಥಳಗಳು

(ಅ) ಕ್ರೋಲರ್-ಮ್ಯುಲರ್ ವಸ್ತುಸಂಗ್ರಹಾಲಯ: ವಿನ್ಸೆಂಟ್ ವ್ಯಾನ್ ಗೋ ಅವರ ಸುಮಾರು 90 ವರ್ಣಚಿತ್ರಗಳು ಮತ್ತು 180ಕ್ಕೂ ಹೆಚ್ಚು ರೇಖಾಚಿತ್ರಗಳು ಇಲ್ಲಿವೆ. ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ವಸ್ತುಸಂಗ್ರಹಾಲಯದ ನಂತರ ಇದು ಅವರ ಕೃತಿಗಳ ಅತಿ ದೊಡ್ಡ ಸಂಗ್ರಹ. 1888ರಲ್ಲಿ ರಚಿತವಾದ, ರಾತ್ರಿ ವೇಳೆಯ ಕಾಫಿ ಅಂಗಡಿಯ ಪ್ರಸಿದ್ಧ ಚಿತ್ರವೂ ಈ ಸಂಗ್ರಹಕ್ಕೆ ಸೇರಿದೆ. ಇದಕ್ಕೆ ಹೊಂದಿಕೊಂಡಂತೆ 1961ರಲ್ಲಿ ಪ್ರಾರಂಭವಾದ ವಿಶಾಲ ಶಿಲ್ಪೋದ್ಯಾನವಿದೆ. ವಸ್ತುಸಂಗ್ರಹಾಲಯಕ್ಕೆ ಪ್ರತ್ಯೇಕ ಟಿಕೆಟ್ ಪಡೆಯಬೇಕು. ಅದು ಉದ್ಯಾನದ ಒಳಗಿರುವುದರಿಂದ ಉದ್ಯಾನದ ಟಿಕೆಟ್ ಸಹ ಕಡ್ಡಾಯ. ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ.

(ಆ) ಸಂತ ಹ್ಯೂಬರ್ಟಸ್ ಬೇಟೆಮನೆ: ವಾಸ್ತುಶಿಲ್ಪಿ ಬೆರ್ಲಾಖೆ ಅವರು ಕ್ರೋಲರ್ ದಂಪತಿಗಳಿಗಾಗಿ ವಿನ್ಯಾಸಗೊಳಿಸಿದ, 1920ರಲ್ಲಿ ಪೂರ್ಣಗೊಂಡ ಇಟ್ಟಿಗೆ ಕಟ್ಟಡ. ಕಟ್ಟಡದ ನಕ್ಷೆಯು ಜಿಂಕೆಯ ಕೊಂಬಿನ ಆಕಾರದಲ್ಲಿದೆ. ಎತ್ತರದ ಗೋಪುರವು ಮುಂದಿನ ಕೊಳದಲ್ಲಿ ಪ್ರತಿಬಿಂಬಿಸುತ್ತದೆ.

(ಇ) ಮ್ಯೂಸಾಂಡರ್: ನೆಲದಡಿಯ ಜೀವಜಗತ್ತು, ಬೇರುಗಳು, ಮಣ್ಣಿನ ಪದರಗಳು ಮತ್ತು ಅಂತರ್ಜಲವನ್ನು ಪರಿಚಯಿಸುವ ಭೂಗತ ವಸ್ತುಸಂಗ್ರಹಾಲಯ. ಮಕ್ಕಳಿಗೆ ವಿಶೇಷವಾಗಿ ಉಪಯುಕ್ತ.

(ಈ) ಹೀತ್ ಮತ್ತು ಮರಳು ಬಯಲುಗಳು: ಸವಾರಿಯ ಮುಖ್ಯ ಆಕರ್ಷಣೆ ಇದೇ. ಪಥದ ಬದಿಯಲ್ಲಿ ವನ್ಯಜೀವಿ ವೀಕ್ಷಣೆಗೆ ಮರೆಗಳನ್ನು ನಿರ್ಮಿಸಲಾಗಿದ್ದು, ಬೈಸಿಕಲನ್ನು ದೂರದಲ್ಲಿ ನಿಲ್ಲಿಸಿ ನಿಶ್ಶಬ್ದವಾಗಿ ನಡೆದು ಹೋಗಬೇಕು.

9. ಯಾವ ಕಾಲದಲ್ಲಿ ಭೇಟಿ ನೀಡಬೇಕು

ಹೆದರ್ ಗಿಡಗಳು ಆಗಸ್ಟ್ ಮಧ್ಯಭಾಗದಿಂದ ಸೆಪ್ಟೆಂಬರ್ ಆರಂಭದವರೆಗೆ ಹೂಬಿಟ್ಟು ಬಯಲು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಈ ಅವಧಿಯಲ್ಲಿ ಜನಸಂದಣಿ ಹೆಚ್ಚು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಕೆಂಜಿಂಕೆಗಳು ಬೆದೆಗೆ ಬರುವ ಕಾಲ. ಮುಂಜಾನೆ ಮತ್ತು ಸಂಜೆ ಗಂಡುಜಿಂಕೆಗಳ ಕೂಗು ಬಹುದೂರದವರೆಗೆ ಕೇಳಿಸುತ್ತದೆ.

ಉದ್ಯಾನವು ತೆರೆದಿರುವ ವೇಳೆಯು ತಿಂಗಳಿನಿಂದ ತಿಂಗಳಿಗೆ ವ್ಯತ್ಯಾಸವಾಗುತ್ತದೆ. ಈ ಪ್ರದೇಶದಲ್ಲಿ ಜೂನ್ ಅಂತ್ಯಕ್ಕೆ ಸೂರ್ಯಾಸ್ತವು ರಾತ್ರಿ ಸುಮಾರು 10 ಗಂಟೆಗೆ ಆದರೆ, ಡಿಸೆಂಬರ್‌ನಲ್ಲಿ ಸಂಜೆ ಸುಮಾರು 4.30ಕ್ಕೇ ಆಗುತ್ತದೆ. ಕರ್ನಾಟಕದಲ್ಲಿ ವರ್ಷವಿಡೀ ಸೂರ್ಯಾಸ್ತದ ವೇಳೆ ಹೆಚ್ಚು ಬದಲಾಗದ ಕಾರಣ ಇಲ್ಲಿಂದ ತೆರಳುವವರು ಈ ಅಂಶವನ್ನು ಮರೆಯುವ ಸಂಭವವಿದೆ. ಚಳಿಗಾಲದಲ್ಲಿ ಮಧ್ಯಾಹ್ನ 3 ಗಂಟೆಯ ನಂತರ ದೂರದ ದ್ವಾರದತ್ತ ಹೊರಡಬಾರದು, ಪಥಗಳಲ್ಲಿ ಬೀದಿದೀಪಗಳಿಲ್ಲ.

10. ಪಾಲಿಸಬೇಕಾದ ನಿಯಮಗಳು

(1) ನೆದರ್‌ಲೆಂಡ್ಸ್‌ನಲ್ಲಿ ವಾಹನಗಳು ಮತ್ತು ಬೈಸಿಕಲ್‌ಗಳು ರಸ್ತೆಯ ಬಲಬದಿಯಲ್ಲಿ ಸಂಚರಿಸುತ್ತವೆ. ನಿಂತು ಮತ್ತೆ ಹೊರಡುವಾಗ ಅಭ್ಯಾಸಬಲದಿಂದ ಎಡಬದಿಗೆ ಹೋಗದಂತೆ ಎಚ್ಚರ ವಹಿಸಬೇಕು.

(2) ನೀಲಿ ವೃತ್ತದಲ್ಲಿ ಬಿಳಿ ಬೈಸಿಕಲ್ ಚಿಹ್ನೆ ಇರುವ ಕಡೆ ಬೈಸಿಕಲ್ ಪಥವನ್ನೇ ಬಳಸುವುದು ಕಡ್ಡಾಯ.

(3) ರಸ್ತೆಯ ಮೇಲೆ ಬಿಳಿ ತ್ರಿಕೋನಗಳ ಸಾಲು ತನ್ನತ್ತ ಮುಖ ಮಾಡಿದ್ದಲ್ಲಿ ಸವಾರನು ನಿಧಾನಿಸಿ, ಅಡ್ಡ ಬರುವ ವಾಹನಕ್ಕೆ ದಾರಿ ಬಿಡತಕ್ಕದ್ದು.

(4) ಬೈಸಿಕಲ್ ಚಲಾಯಿಸುವಾಗ ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿಯುವುದನ್ನು 1 ಜುಲೈ 2019ರಿಂದ ನಿಷೇಧಿಸಲಾಗಿದ್ದು, ಉಲ್ಲಂಘನೆಗೆ ದಂಡ ವಿಧಿಸಲಾಗುತ್ತದೆ.

(5) ಕತ್ತಲಿನಲ್ಲಿ ಮುಂಭಾಗದಲ್ಲಿ ಬಿಳಿ ಅಥವಾ ಹಳದಿ, ಹಿಂಭಾಗದಲ್ಲಿ ಕೆಂಪು ದೀಪ ಕಡ್ಡಾಯ.

(6) ಗುರುತಿಸಿದ ಪಥ ಬಿಟ್ಟು ಹೀತ್ ಬಯಲಿನಲ್ಲಿ ಬೈಸಿಕಲ್ ಓಡಿಸಬಾರದು. ಚಕ್ರದಡಿ ಮುರಿದ ಹಳೆಯ ಹೆದರ್ ಗಿಡ ಮತ್ತು ಮರಳಿನ ಮೇಲಿನ ತೆಳುವಾದ ಹಾವಸೆ ಹಾಗೂ ಕಲ್ಲುಹೂಗಳ ಪದರ ಮತ್ತೆ ಬೆಳೆಯಲು ಹಲವು ವರ್ಷಗಳು ಬೇಕಾಗುತ್ತವೆ.

(7) ಪ್ರಾಣಿಗಳಿಗೆ ಆಹಾರ ನೀಡಬಾರದು. ಬೆಂಕಿ ಹಚ್ಚಬಾರದು, ಬೀಡಿ-ಸಿಗರೇಟಿನ ತುಂಡು ಎಸೆಯಬಾರದು. ಒಣಗಿದ ಹೀತ್ ಬಯಲಿನಲ್ಲಿ ಬೆಂಕಿಯು ಗಾಳಿಯೊಡನೆ ಬಹು ಬೇಗ ಹರಡುತ್ತದೆ.

11. ಸುರಕ್ಷತಾ ಕ್ರಮಗಳು

ಉಣ್ಣೆ: ಇಲ್ಲಿನ ಹುಲ್ಲು ಮತ್ತು ಪೊದೆಗಳಲ್ಲಿರುವ ಉಣ್ಣೆಗಳು ಲೈಮ್ ಎಂಬ ಕಾಯಿಲೆಯನ್ನು ಹರಡಬಲ್ಲವು. ಹುಲ್ಲಿನಲ್ಲಿ ಕುಳಿತು ಬುತ್ತಿ ಉಂಡ ನಂತರ ಅದೇ ದಿನ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಮತ್ತು ಮಕ್ಕಳಲ್ಲಿ ಕಿವಿಯ ಹಿಂಭಾಗ ಹಾಗೂ ತಲೆಗೂದಲನ್ನು ಪರೀಕ್ಷಿಸಬೇಕು. ಕಚ್ಚಿಕೊಂಡಿರುವ ಉಣ್ಣೆಯನ್ನು ಚಿಮಟದಿಂದ ಚರ್ಮದ ಸಮೀಪದಲ್ಲೇ ಹಿಡಿದು ತೆಗೆಯಬೇಕು. ಎಣ್ಣೆ ಹಚ್ಚುವುದು, ಸುಡುವುದು ಸಲ್ಲದು. ಬೇಗ ತೆಗೆದಷ್ಟೂ ಸೋಂಕಿನ ಸಂಭವ ಕಡಿಮೆ. ಕಚ್ಚಿದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಹರಡುವ ಕೆಂಪು ವೃತ್ತ ಅಥವಾ ಜ್ವರ ಕಾಣಿಸಿಕೊಂಡಲ್ಲಿ ವೈದ್ಯರನ್ನು ಕಾಣಬೇಕು. ಅಷ್ಟರೊಳಗೆ ಸ್ವದೇಶಕ್ಕೆ ಮರಳಿದ್ದಲ್ಲಿ, ಯೂರೋಪಿನಲ್ಲಿ ಉಣ್ಣೆ ಕಚ್ಚಿದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಭಾರತದಲ್ಲಿ ಈ ಕಾಯಿಲೆ ವಿರಳವಾದ ಕಾರಣ, ತಿಳಿಸದ ಹೊರತು ರೋಗನಿರ್ಣಯ ತಡವಾಗಬಹುದು.

ಹಾವು: ಆ್ಯಡರ್ ಎಂಬ ಸಣ್ಣ ವಿಷಕಾರಿ ಮಂಡಲ ಹಾವು ಹೀತ್ ಬಯಲಿನಲ್ಲಿ ವಾಸಿಸುತ್ತದೆ. ವಸಂತಕಾಲದಲ್ಲಿ ಬಿಸಿಲು ಕಾಯಲು ದಾರಿಯ ಅಂಚಿಗೆ ಬರುವುದುಂಟು. ಮುಟ್ಟದೆ, ಕೆಣಕದೆ ದೂರ ಸರಿದರೆ ಅಪಾಯವಿಲ್ಲ. ಕಚ್ಚಿದಲ್ಲಿ ಅಲುಗಾಡದೆ ಕುಳಿತು 112ಕ್ಕೆ ಕರೆ ಮಾಡಬೇಕು.

ಕಾಡುಹಂದಿ ಮತ್ತು ಜಿಂಕೆ: ಮರಿಗಳಿರುವ ಕಾಡುಹಂದಿಯ ಸಮೀಪ ಹೋಗಬಾರದು. ಮುಸ್ಸಂಜೆ ವೇಳೆ ಪ್ರಾಣಿಗಳು ಹಠಾತ್ತನೆ ಪಥ ದಾಟುವುದರಿಂದ ವೇಗ ತಗ್ಗಿಸಬೇಕು.

ತೋಳ: ಸುಮಾರು ಒಂದೂವರೆ ಶತಮಾನ ಕಣ್ಮರೆಯಾಗಿದ್ದ ತೋಳಗಳು ಮತ್ತೆ ನೆದರ್‌ಲೆಂಡ್ಸ್‌ಗೆ ಬಂದಿದ್ದು, 2019ರಲ್ಲಿ ವೇಲುವೆಯ ಉತ್ತರ ಭಾಗದಲ್ಲಿ ಮರಿ ಹಾಕಿದವು. ಆನಂತರ ಈ ಉದ್ಯಾನದೊಳಗೂ ನೆಲೆಸಿವೆ. ಅವು ಬಂದ ನಂತರ ಮೂಫ್ಲನ್ ಕಾಡುಕುರಿಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ತೋಳಗಳು ಸಾಮಾನ್ಯವಾಗಿ ಜನರಿಂದ ದೂರವಿರುತ್ತವೆ. ಎದುರಾದಲ್ಲಿ ಬೈಸಿಕಲ್‌ನಿಂದ ಇಳಿದು, ಅದನ್ನು ತನ್ನ ಮತ್ತು ಪ್ರಾಣಿಯ ನಡುವೆ ಇಟ್ಟುಕೊಂಡು, ಮಕ್ಕಳನ್ನು ಹತ್ತಿರಕ್ಕೆ ಕರೆದುಕೊಂಡು, ಗಟ್ಟಿಯಾಗಿ ಮಾತನಾಡುತ್ತಾ ನಿಧಾನವಾಗಿ ಹಿಂದೆ ಸರಿಯಬೇಕು. ಬೆನ್ನು ತಿರುಗಿಸಿ ಓಡಬಾರದು, ಛಾಯಾಚಿತ್ರಕ್ಕಾಗಿ ಹಿಂಬಾಲಿಸಬಾರದು. ಅಧಿಕಾರಿಗಳು ಯಾವುದಾದರೂ ಪಥವನ್ನು ತಾತ್ಕಾಲಿಕವಾಗಿ ಮುಚ್ಚಿದ್ದಲ್ಲಿ ಆ ಸೂಚನೆಯನ್ನು ಪಾಲಿಸತಕ್ಕದ್ದು.

12. ಹೀತ್ ಬಯಲಿಗೆ ಎದುರಾಗಿರುವ ಅಪಾಯ

ಹಿಂದೆ ಬಯಲಿನಿಂದ ಸಾರವು ಹೊರಹೋಗುತ್ತಿತ್ತು. ಇಂದು ಆಕಾಶದಿಂದ ಸಾರವು ಬಂದು ಬೀಳುತ್ತಿದೆ. ಜಾನುವಾರು ಸಾಕಣೆಯಿಂದ ಹೊರಡುವ ಅಮೋನಿಯಾ ಹಾಗೂ ವಾಹನ ಮತ್ತು ಕೈಗಾರಿಕೆಗಳ ಹೊಗೆಯಲ್ಲಿರುವ ಸಾರಜನಕದ ಸಂಯುಕ್ತಗಳು ಗಾಳಿ ಮತ್ತು ಮಳೆಯ ಮೂಲಕ ನೆಲ ಸೇರುತ್ತವೆ. ಇದರಿಂದ ಬಡ ನೆಲವು ಫಲವತ್ತಾಗಿ ಹುಲ್ಲು ಹುಲುಸಾಗಿ ಬೆಳೆದು ಹೆದರ್ ಗಿಡಗಳನ್ನು ಮುಚ್ಚಿಹಾಕುತ್ತದೆ. ಜೊತೆಗೆ ಮಣ್ಣು ಮತ್ತಷ್ಟು ಆಮ್ಲೀಯವಾಗಿ ಅದರಲ್ಲಿನ ಸುಣ್ಣದ ಅಂಶ ತೊಳೆದುಹೋಗುತ್ತದೆ. ಸುಣ್ಣವಿಲ್ಲದೆ ಬಸವನಹುಳುಗಳು ಕಡಿಮೆಯಾಗುತ್ತವೆ. ಅವನ್ನು ತಿನ್ನುವ ಸಣ್ಣ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗುವುದು ಮತ್ತು ಮರಿಗಳ ಮೂಳೆ ಮುರಿಯುವುದು ವೇಲುವೆ ಪ್ರದೇಶದಲ್ಲಿ ಕಂಡುಬಂದಿದೆ. 2018ರ ತೀವ್ರ ಬರಗಾಲವೂ ಹೆದರ್ ಗಿಡಗಳಿಗೆ ದೊಡ್ಡ ಹಾನಿ ಮಾಡಿತು.

29 ಮೇ 2019ರಂದು ನೆದರ್‌ಲೆಂಡ್ಸ್‌ನ ಉನ್ನತ ಆಡಳಿತ ನ್ಯಾಯಾಲಯವಾದ ರಾಜ್ಯ ಮಂಡಳಿಯು, ಅಂದು ಜಾರಿಯಲ್ಲಿದ್ದ ಸಾರಜನಕ ಕಾರ್ಯಕ್ರಮವು ಪರವಾನಗಿ ನೀಡಲು ಆಧಾರವಾಗದೆಂದು ತೀರ್ಪಿತ್ತಿತು. ಇದರಿಂದ ಹೊಸ ಕೊಟ್ಟಿಗೆ, ರಸ್ತೆ ಮತ್ತು ವಸತಿ ಯೋಜನೆಗಳ ಪರವಾನಗಿಗಳು ಸ್ಥಗಿತಗೊಂಡು, ರೈತರು ಟ್ರ್ಯಾಕ್ಟರುಗಳೊಂದಿಗೆ ಬೃಹತ್ ಪ್ರತಿಭಟನೆ ನಡೆಸಿದರು. ಬಯಲನ್ನು ಉಳಿಸುವುದು ಮತ್ತು ರೈತರ ಜೀವನಾಧಾರವನ್ನು ಕಾಪಾಡುವುದು ಎರಡನ್ನೂ ಸರಿತೂಗಿಸುವ ಪ್ರಶ್ನೆಯು ಆ ದೇಶದಲ್ಲಿ ಸುಲಭವಾಗಿ ಬಗೆಹರಿಯದ ವಿಷಯವಾಗಿದೆ.

ಮೇಲ್ಮಣ್ಣು ಕೆತ್ತುವುದು, ಕುರಿ ಮೇಯಿಸುವುದು, ತಾನಾಗಿ ಮೊಳೆತ ಪೈನ್ ಸಸಿಗಳನ್ನು ಕೀಳುವುದು ಮತ್ತು ಕಲ್ಲಿನ ಪುಡಿ ಎರಚಿ ಮಣ್ಣಿಗೆ ಖನಿಜ ಒದಗಿಸುವುದು ಹೀತ್ ಬಯಲುಗಳನ್ನು ಉಳಿಸಿಕೊಳ್ಳಲು ಅನುಸರಿಸುವ ಕ್ರಮಗಳಾಗಿವೆ. ಪಥದ ಬದಿಯಲ್ಲಿ ಕೆತ್ತಿದ ಬೋಳು ನೆಲ ಕಂಡುಬಂದಲ್ಲಿ ಅದು ಹಾಳಾದ ಜಾಗವೆಂದು ಭಾವಿಸಬಾರದು. ಹೊಸ ಹೆದರ್ ಮೊಳೆಯಲೆಂದು ಹಾಗೆ ಮಾಡಿರಬಹುದು. ಅಂತಹ ಜಾಗದಲ್ಲಿ ಕಾಲಿಡದಿರುವುದು ಸಂದರ್ಶಕರು ಸಲ್ಲಿಸಬಹುದಾದ ಸೇವೆ.

13. ಭಾರತೀಯ ಪೌರರು ಹೊಂದಿರಬೇಕಾದ ದಾಖಲೆಗಳು

ನೆದರ್‌ಲೆಂಡ್ಸ್ ಷೆಂಗೆನ್ ವಲಯಕ್ಕೆ ಸೇರಿದ ದೇಶವಾದ್ದರಿಂದ ಪ್ರವಾಸಕ್ಕಾಗಿ ಅಲ್ಪಾವಧಿ ಷೆಂಗೆನ್ ವೀಸಾ ಅಗತ್ಯ. ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ತಂಗಲು ಅವಕಾಶವಿದೆ.

(1) ಪಾಸ್‌ಪೋರ್ಟ್: ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ವಲಯದಿಂದ ಹೊರಡುವ ದಿನಾಂಕದ ನಂತರ ಕನಿಷ್ಠ 3 ತಿಂಗಳು ಊರ್ಜಿತವಾಗಿರಬೇಕು, ಕನಿಷ್ಠ 2 ಖಾಲಿ ಪುಟಗಳಿರಬೇಕು.

(2) ಅರ್ಜಿ ಸಲ್ಲಿಸುವ ಅವಧಿ: ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ಅಲ್ಲ, 15 ದಿನಗಳಿಗಿಂತ ತಡವಾಗಿ ಅಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಅಗತ್ಯವಿದ್ದಲ್ಲಿ 45 ದಿನಗಳವರೆಗೆ. ಆಗಸ್ಟ್ ತಿಂಗಳ ಹೂವಿನ ಕಾಲಕ್ಕೆ ತೆರಳುವವರು ಬೇಸಿಗೆಯ ದಟ್ಟಣೆಯನ್ನು ಗಮನದಲ್ಲಿರಿಸಿ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಸೂಕ್ತ.

(3) ಶುಲ್ಕ: 11 ಜೂನ್ 2024ರಿಂದ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ ನಿಗದಿಯಾಗಿದೆ. 6 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಪ್ರತ್ಯೇಕ. ಅರ್ಜಿ ತಿರಸ್ಕೃತವಾದಲ್ಲಿ ಶುಲ್ಕ ಹಿಂದಿರುಗಿಸಲಾಗುವುದಿಲ್ಲ.

(4) ಪ್ರಯಾಣ ವಿಮೆ: ಕನಿಷ್ಠ 30,000 ಯೂರೋ ಮೊತ್ತದ, ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸುವ ವೈದ್ಯಕೀಯ ವಿಮೆ ಕಡ್ಡಾಯ. ಬೈಸಿಕಲ್ ಸವಾರಿಯಲ್ಲಿ ಆಗುವ ಗಾಯಗಳಿಗೆ ಪಾಲಿಸಿಯು ಅನ್ವಯಿಸುತ್ತದೆಯೇ ಎಂಬುದನ್ನು ಷರತ್ತುಗಳಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

(5) ಯಾವ ದೇಶಕ್ಕೆ ಅರ್ಜಿ: ಹಲವು ದೇಶಗಳಿಗೆ ತೆರಳುವವರು ಹೆಚ್ಚು ದಿನ ತಂಗುವ ದೇಶಕ್ಕೆ, ದಿನಗಳು ಸಮನಾಗಿದ್ದಲ್ಲಿ ಮೊದಲು ಪ್ರವೇಶಿಸುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೈಸಿಕಲ್ ಚಲಾಯಿಸಲು ಚಾಲನಾ ಪರವಾನಗಿ ಬೇಕೇ?
ಉತ್ತರ: ಸಾಮಾನ್ಯ ಬೈಸಿಕಲ್‌ಗೆ ಬೇಕಾಗಿಲ್ಲ.

ಪ್ರಶ್ನೆ: ಹೆಲ್ಮೆಟ್ ಕಡ್ಡಾಯವೇ?
ಉತ್ತರ: ಸಾಮಾನ್ಯ ಬೈಸಿಕಲ್‌ಗೆ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಮಕ್ಕಳಿಗೆ ಮತ್ತು ಹಿಮ್ಮುಖ ಪೆಡಲ್ ಬ್ರೇಕ್ ಅಭ್ಯಾಸವಿಲ್ಲದವರಿಗೆ ಧರಿಸುವುದು ಕ್ಷೇಮ.

ಪ್ರಶ್ನೆ: ಒಂದು ದ್ವಾರದಿಂದ ಪ್ರವೇಶಿಸಿ ಬೇರೊಂದು ದ್ವಾರದಿಂದ ಹೊರಹೋಗಬಹುದೇ?
ಉತ್ತರ: ಹೋಗಬಹುದು. ಬಿಳಿ ಬೈಸಿಕಲನ್ನು ಹೊರಹೋಗುವ ದ್ವಾರದ ನಿಲುಗಡೆಯಲ್ಲಿ ಬಿಡಬೇಕು. ಅಲ್ಲಿಂದ ಮುಂದಿನ ಬಸ್ಸಿನ ವೇಳೆಯನ್ನು ಮೊದಲೇ ತಿಳಿದುಕೊಳ್ಳಬೇಕು.

ಪ್ರಶ್ನೆ: ಬೈಸಿಕಲ್ ಸವಾರಿ ಬಾರದವರು ಭೇಟಿ ನೀಡಬಹುದೇ?
ಉತ್ತರ: ನೀಡಬಹುದು. ಪ್ರತ್ಯೇಕ ಕಾಲ್ದಾರಿಗಳಿವೆ. ಒಟ್ಟರ್ಲೋ ದ್ವಾರದಿಂದ ವಸ್ತುಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು.

ಪ್ರಶ್ನೆ: ಒಂದೇ ದಿನದಲ್ಲಿ ವಸ್ತುಸಂಗ್ರಹಾಲಯ ಮತ್ತು ಹೀತ್ ಬಯಲು ಎರಡನ್ನೂ ನೋಡಲು ಸಾಧ್ಯವೇ?
ಉತ್ತರ: ಬೇಸಿಗೆಯ ದೀರ್ಘ ಹಗಲಿನಲ್ಲಿ ಸಾಧ್ಯ. ವಸ್ತುಸಂಗ್ರಹಾಲಯವು ಉದ್ಯಾನಕ್ಕಿಂತ ಬೇಗ ಮುಚ್ಚುವುದರಿಂದ ಅದನ್ನು ಮೊದಲು ನೋಡಿ, ಸಂಜೆಯ ವೇಳೆಯನ್ನು ಬಯಲಿಗೆ ಮೀಸಲಿಡುವುದು ಸೂಕ್ತ. ಪ್ರಾಣಿಗಳೂ ಆ ವೇಳೆಯಲ್ಲೇ ಹೆಚ್ಚಾಗಿ ಕಾಣಸಿಗುತ್ತವೆ.

ಸೂಚನೆ: ಪ್ರವೇಶ ಶುಲ್ಕ, ತೆರೆದಿರುವ ವೇಳೆ, ವೀಸಾ ನಿಯಮಗಳು ಮತ್ತು ಬಸ್ ವೇಳಾಪಟ್ಟಿಗಳು ಬದಲಾವಣೆಗೆ ಒಳಪಟ್ಟಿರುತ್ತವೆ. ಪ್ರಯಾಣಕ್ಕೆ ಮುನ್ನ ಆಯಾ ಸಂಸ್ಥೆಗಳಿಂದ ಖಚಿತಪಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.